ಅಯ್ಯಂಗಾರ್ ಬೇಕರಿ ತಿಂಡಿಗಳಿಗೆ ಹಲ್ಲಿನ ಲೆಕ್ಕದಲ್ಲಿ ಎಷ್ಟು ಮಾರ್ಕು?

ರುಚಿಯ ವಿಷಯದಲ್ಲಿ ಅಯ್ಯಂಗಾರ್ ಬೇಕರಿಗೆ ಮಾರ್ಕು ಹಾಕಲು ನಾವ್ಯಾರು? ಇಲ್ಲಿ ನೋಡಿರುವುದು ಒಂದನ್ನೇ: ತಿಂದದ್ದು ಹಲ್ಲಿನ ಮೇಲೆ ಎಷ್ಟು ಹೊತ್ತು ಕೂರುತ್ತದೆ. ಹಲ್ಲಿನ ಮೇಲಿನ ಜಿಗುಟು ಪೊರೆಯಲ್ಲಿರುವ ಬ್ಯಾಕ್ಟೀರಿಯಾಗಳು ಸಕ್ಕರೆ ಸಿಕ್ಕ ಕೆಲವೇ ನಿಮಿಷಗಳಲ್ಲಿ ಆಮ್ಲ ಉಗುಳುತ್ತವೆ. ಹುಳಿಯನ್ನು ಅಳೆಯುವುದು ಪಿಎಚ್‌ನಲ್ಲಿ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು. ಅದು 5.5ಕ್ಕಿಂತ ಕೆಳಗಿಳಿದರೆ ಎನಾಮಲ್, ಅಂದರೆ ಹಲ್ಲಿನ ಹೊರಗಿನ ಗಟ್ಟಿ ಹೊದಿಕೆ, ಕರಗತೊಡಗುತ್ತದೆ. ಜೊಲ್ಲು ಆ ಹುಳಿಯನ್ನು ಮತ್ತೆ ಹದಕ್ಕೆ ತರಲು ಅರ್ಧದಿಂದ ಒಂದು ಗಂಟೆ ಬೇಕು.

ಹನಿ ಕೇಕ್ ನೋಡಿದರೆ ಭಯವಾಗುತ್ತದೆ: ಪಾಕ ಕುಡಿದ ಕೇಕು, ಮೇಲೆ ಜಾಮ್, ಅದರ ಮೇಲೆ ಕೊಬ್ಬರಿ ತುರಿ. ಆದರೆ ಪಾಕ ಬೇಗ ಕರಗಿ ಗಂಟಲಿಗಿಳಿಯುತ್ತದೆ. ಒಂದೇ ಸಲ ತಿಂದು ಮುಗಿಸಿ ನೀರು ಮುಕ್ಕಳಿಸಿದರೆ ಪಾಸ್. ದಿಲ್‌ಪಸಂದ್ ಅಷ್ಟು ಸಲೀಸಲ್ಲ. ಒಳಗಿನ ಟೂಟಿ ಫ್ರೂಟಿ ಎಂದರೆ ಸಕ್ಕರೆಯಲ್ಲಿ ನೆನೆದ ಪರಂಗಿಕಾಯಿ. ದವಡೆ ಹಲ್ಲಿನ ಸಂದಿಗೆ ಹೊಕ್ಕರೆ ನಾಲಿಗೆಗೆ ನಿಲುಕುವುದಿಲ್ಲ.

ಮೋಸ ಇರುವುದು ಖಾರದ ಕಡೆ. ಆಲೂ ಚಿಪ್ಸ್‌ನಲ್ಲಿ ಸಿಹಿಯೇ ಇಲ್ಲ, ನಿಜ. ಅಗಿದಾಗ ಮಾತ್ರ ಹಿಟ್ಟಾಗಿ, ದವಡೆ ಹಲ್ಲಿನ ಗೀರುಗಳಲ್ಲಿ ಗಾರೆ ಮೆತ್ತಿದ ಹಾಗೆ ಕೂರುತ್ತದೆ. ಜೊಲ್ಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ಆ ಪಿಷ್ಟವನ್ನು ಅಲ್ಲೇ ಒಡೆದು ಮಾಲ್ಟೋಸ್ ಎಂಬ ಸಕ್ಕರೆ ಮಾಡಿಕೊಡುತ್ತದೆ. ಖಾರ ಬನ್ನಿನ ಮೈದಾದ್ದೂ ಇದೇ ಕಥೆ.

ಫೇಲ್ ಆದದ್ದು ರಸ್ಕ್ ಮತ್ತು ಟೀ ಜೋಡಿ. ಎರಡರಲ್ಲೂ ಸಕ್ಕರೆ, ಅದ್ದಿದ ರಸ್ಕ್ ಮುದ್ದೆಯಾಗಿ ಒಸಡಿನ ಅಂಚಿಗೆ ಅಂಟುತ್ತದೆ. ದಿನಕ್ಕೆ ನಾಲ್ಕು ಬಾರಿಯಾದರೆ ಎರಡರಿಂದ ನಾಲ್ಕು ಗಂಟೆ ಬಾಯಿ ಹುಳಿಯಲ್ಲೇ. ಇದನ್ನು ಹೆಚ್ಚು ಇಷ್ಟಪಡುವವರು ವಯಸ್ಸಾದವರು, ಪೆಟ್ಟು ಬೀಳುವುದೂ ಅವರಿಗೇ. ಒಸಡು ಇಳಿದು ಕಾಣುವ ಬೇರಿಗೆ ಎನಾಮಲ್ ಹೊದಿಕೆ ಇಲ್ಲ, ಪಿಎಚ್ 6ರ ಆಸುಪಾಸಿನಲ್ಲೇ ಕರಗಲು ಶುರು. ಸಕ್ಕರೆ ಬಿಟ್ಟ ಟೀ ಕುಡಿದರೆ ಅರ್ಧ ತಾಪತ್ರಯ ಕಡಿಮೆ.

ಫ್ರಿಜ್‌ನಲ್ಲಿರುವ ಕೋಲಾದ ಪಿಎಚ್ 2.5ರ ಸುಮಾರು. ಸಕ್ಕರೆ ಇಲ್ಲದ ಬಾಟಲಿಯದ್ದೂ 3ರ ಆಸುಪಾಸು, ಅದೂ ಹುಳಿಯೇ. ಗುಟುಕು ಗುಟುಕಾಗಿ ಗಂಟೆಗಟ್ಟಲೆ ಹೀರಬೇಡಿ. ಕುಡಿದ ಕೂಡಲೇ ಬ್ರಷ್ ಹಿಡಿಯಲೂ ಬೇಡಿ. ಮೆತ್ತಗಾದ ಎನಾಮಲ್ ಸವೆಯುತ್ತದೆ. ಅರ್ಧ ಗಂಟೆ ತಡೆಯಿರಿ. ರಾತ್ರಿ 1000 ಪಿಪಿಎಂ ಫ್ಲೋರೈಡ್ ಇರುವ ಪೇಸ್ಟಿನಲ್ಲಿ ಎರಡು ನಿಮಿಷ ಉಜ್ಜಿ, ನೊರೆ ಉಗಿದು ಹಾಗೇ ಬಿಡಿ. ಮುಕ್ಕಳಿಸಿದರೆ ಫ್ಲೋರೈಡೂ ನೀರುಪಾಲು.

ಫಸ್ಟ್ ಕ್ಲಾಸ್ ಬಂದದ್ದು ಕಾಂಗ್ರೆಸ್ ಕಡ್ಲೆಬೀಜ. ಸಕ್ಕರೆ ಅತ್ಯಲ್ಪ, ಅಗಿದಷ್ಟೂ ಜೊಲ್ಲು ಊರುತ್ತದೆ, ಮೆಣಸಿನ ಖಾರಕ್ಕೆ ಇನ್ನಷ್ಟು. ಸಿಹಿ ತಿಂದ ಮೇಲೆ ಕೊನೆಗೆ ಒಂದು ಹಿಡಿ ಬಾಯಿಗೆ ಹಾಕಿಕೊಳ್ಳಿ. ನಿಪ್ಪಟ್ಟಿಗೂ ಇದೇ ದರ್ಜೆ ಕೊಡಬಾರದೇ ಎಂದರೆ, ಇಲ್ಲ, ಅದು ತೀರಾ ಗಟ್ಟಿ. ರೂಟ್ ಕೆನಾಲ್ ಆಗಿ ಇನ್ನೂ ಕ್ಯಾಪ್ ಹಾಕಿಸದ ಹಲ್ಲಿದ್ದರೆ ಆ ಪಕ್ಕದಲ್ಲಿ ಕಡಿಯಲೇಬೇಡಿ. ಹಲ್ಲು ಬೇರಿನವರೆಗೆ ಸೀಳಿದರೆ ಬಹುಪಾಲು ಕೀಳಿಸುವುದೇ ಗತಿ.