ಯಕೃತ್ತಿನ ಕೋಶಗಳಿಗೆ ಒತ್ತಡದ ಹಾರ್ಮೋನು: ಡೆಕ್ಸಮೆಥಸೋನ್, ಸಹಜ ಸ್ಟೆರಾಯ್ಡ್, ಅಡ್ರಿನಲಿನ್

ಒತ್ತಡದ ಹಾರ್ಮೋನು ಯಕೃತ್ತಿನ ಕೋಶಗಳ ಪ್ರೋಟೀನ್ ತಯಾರಿಕೆಯನ್ನು ಹೇಗೆ ಬದಲಿಸುತ್ತದೆ ಎಂದು ತಟ್ಟೆಯಲ್ಲಿ ನೋಡಲು ಈ ಮೂರರಲ್ಲಿ ಯಾವುದನ್ನು ಹಾಕಬೇಕು? ಈ ಕೋಶಗಳನ್ನು ತಟ್ಟೆಯಲ್ಲಿ ಬೆಳೆಸುವವರ ಕೈ ಮೊದಲು ಹೋಗುವುದು ಡೆಕ್ಸಮೆಥಸೋನ್ ಎಂಬ ಕೃತಕ ಸ್ಟೆರಾಯ್ಡಿನ ಕಡೆಗೆ. ಕೋಶಗಳು ಅದನ್ನು ಬೇಗ ಒಡೆಯುವುದಿಲ್ಲ. ಇಂದು ಹಾಕಿದರೆ ನಾಳೆಯೂ ಕೆಲಸ ಮಾಡುತ್ತಿರುತ್ತದೆ. ಕೊಲ್ಯಾಜಿನೇಸ್ ಎಂಬ ಕಿಣ್ವದಿಂದ ಅಂಗಾಂಶದಿಂದ ಬಿಡಿಸಿದ ಇಲಿಯ ಕೋಶಗಳಿಗೆ 100 ನ್ಯಾನೊಮೋಲಾರ್ ಹಾಕಿದ ತಟ್ಟೆಯನ್ನೂ ಹಾಕದ ತಟ್ಟೆಯನ್ನೂ ಸೂಕ್ಷ್ಮದರ್ಶಕದಲ್ಲಿ ಒಂದರ ಬೆನ್ನಿಗೆ ಒಂದನ್ನು ನೋಡಿದ್ದೇನೆ. ಹಾಕಿದ್ದರಲ್ಲಿ ಕೋಶಗಳು ಒತ್ತೊತ್ತಾಗಿ, ಮೂಲೆಮೂಲೆಯಾಗಿ ಕೂತಿರುತ್ತವೆ; ನಡುವೆ ಪಿತ್ತದ ಕಿರುನಾಳಗಳು ಬೆಳ್ಳನೆಯ ಗೆರೆಗಳಾಗಿ ಹೊಳೆಯುತ್ತವೆ. ಹಾಕದ್ದರಲ್ಲಿ ಅವು ಚಪ್ಪಟೆಯಾಗಿ ಹರಡಿಕೊಳ್ಳುತ್ತವೆ, ಯಕೃತ್ತು ರಕ್ತಕ್ಕೆ ಬಿಡುವ ಅಲ್ಬುಮಿನ್ ಪ್ರೋಟೀನಿನ ಸ್ರಾವವೂ ಬೇಗ ಇಳಿಯುತ್ತದೆ. ಕೋಶಗಳನ್ನು ಯಕೃತ್ತಿನ ಕೋಶಗಳಾಗಿಯೇ ಉಳಿಸಿಕೊಳ್ಳಲು ಇದಕ್ಕಿಂತ ಒಳ್ಳೆಯದನ್ನು ನಾನು ಬಳಸಿಲ್ಲ.

ಆದರೆ ಪ್ರಶ್ನೆ ಒತ್ತಡದ್ದಾದರೆ ನನ್ನ ಮತ ಸಹಜ ಹಾರ್ಮೋನಿಗೆ: ಮನುಷ್ಯನ ಕೋಶಕ್ಕೆ ಕಾರ್ಟಿಸೋಲ್, ಇಲಿಯ ಕೋಶಕ್ಕೆ ಕಾರ್ಟಿಕೋಸ್ಟೆರೋನ್. ಒತ್ತಡದ ಹಾರ್ಮೋನು ದೇಹದಲ್ಲಿ ಏರುತ್ತದೆ, ಇಳಿಯುತ್ತದೆ. ತಟ್ಟೆಯಲ್ಲೂ ಯಕೃತ್ತಿನ ಕೋಶಗಳೇ ಅದನ್ನು ಒಡೆದುಬಿಡುವುದರಿಂದ ಆ ಏರಿಳಿತ ಕಣ್ಣಿಗೆ ಕಾಣುತ್ತದೆ. ಇದಕ್ಕೆ ಟೈರೊಸಿನ್ ಅಮಿನೊಟ್ರಾನ್ಸ್‌ಫರೇಸ್ ಎಂಬ ಕಿಣ್ವ ಒಳ್ಳೆಯ ಸಾಕ್ಷಿ. ಹಾರ್ಮೋನು ಹಾಕಿದ ಕೆಲವೇ ಗಂಟೆಗಳಲ್ಲಿ ಅದು ಹೆಚ್ಚುತ್ತದೆ, ಮಾಧ್ಯಮ (ಕೋಶಗಳು ಬೆಳೆಯುವ ಪೋಷಕ ದ್ರವ) ಬದಲಿಸಿ ಹಾರ್ಮೋನು ತೆಗೆದರೆ ಕೆಳಗಿಳಿಯುತ್ತದೆ. ಜೊತೆಗೆ ಪ್ರೋಟೀನ್ ತಯಾರಿಕೆಯನ್ನು ನಿಲ್ಲಿಸುವ ಸೈಕ್ಲೊಹೆಕ್ಸಿಮೈಡ್ ಹಾಕಿದರೆ ಏರಿಕೆಯೇ ಇಲ್ಲ. ಹೊಸ ಪ್ರೋಟೀನ್ ತಯಾರಾಗುತ್ತಿತ್ತು ಎಂಬುದು ಅಲ್ಲಿಗೆ ಖಚಿತ. ಡೆಕ್ಸಮೆಥಸೋನಿನಲ್ಲಿ ಏರಿದ್ದು ಏರಿದಲ್ಲೇ ನಿಲ್ಲುತ್ತದೆ. ಸಹಜ ಹಾರ್ಮೋನಿನ ತೊಂದರೆ ಒಂದೇ, ಮಾಧ್ಯಮವನ್ನು ಮತ್ತೆ ಮತ್ತೆ ಬದಲಿಸುವ ಕೆಲಸ. ಆ ಶ್ರಮ ಸಾರ್ಥಕ.

ಅಡ್ರಿನಲಿನ್ ದಾರಿಯೇ ಬೇರೆ. ಅದು ಕೋಶದ ಹೊರಪೊರೆಯ ಗ್ರಾಹಕಗಳ (ಹಾರ್ಮೋನನ್ನು ಹಿಡಿಯುವ ಪ್ರೋಟೀನುಗಳ) ಮೂಲಕ ನಿಮಿಷಗಳಲ್ಲೇ ಗ್ಲೈಕೊಜನ್ ಎಂಬ ಸಂಗ್ರಹಿತ ಸಕ್ಕರೆಯನ್ನು ಒಡೆಸುತ್ತದೆ. ಪ್ರೋಟೀನ್ ಲೆಕ್ಕಕ್ಕೆ ಅದು ಕಷ್ಟದ ಸಂಗಾತಿ: ಇನ್‌ಕ್ಯುಬೇಟರಿನ ಬಿಸಿಯಲ್ಲಿ ಆಕ್ಸಿಜನ್ ತಗುಲಿ ಕೆಡುತ್ತದೆ, ಹಳೆಯ ದ್ರಾವಣ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಪ್ರತಿ ಬಾರಿಯೂ ಹೊಸದಾಗಿ ಕಲಸಿಕೊಳ್ಳಬೇಕು. ಇನ್ನೂ ಒಂದು ತೊಡಕಿದೆ. ಬಿಡಿಸಿದ ಇಲಿಯ ಕೋಶಗಳಲ್ಲಿ ಅಡ್ರಿನಲಿನ್ ಗ್ರಾಹಕಗಳಲ್ಲಿ ಒಂದು ಬಗೆಯಾದ ಬೀಟಾ ಗ್ರಾಹಕಗಳ ಪ್ರಭಾವ ಕೆಲವೇ ಗಂಟೆಗಳಲ್ಲಿ ಹೆಚ್ಚುತ್ತದೆ. ಹಾಗಾಗಿ ಮೊದಲ ದಿನದ ಉತ್ತರವನ್ನು ಎರಡನೆಯ ದಿನದ ಉತ್ತರದೊಂದಿಗೆ ತೂಗಬಾರದು.

ಉರಿಯೂತದ ವೇಳೆ ಯಕೃತ್ತು ಹೆಚ್ಚು ತಯಾರಿಸುವ ಫೈಬ್ರಿನೊಜನ್‌ನಂಥ ಪ್ರೋಟೀನುಗಳನ್ನು ನೋಡುವವರು ಸ್ಟೆರಾಯ್ಡ್ ಒಂದನ್ನೇ ನಂಬಬೇಡಿ. ಉರಿಯೂತದ ಸಂಕೇತ ಪ್ರೋಟೀನಾದ ಇಂಟರ್‌ಲ್ಯುಕಿನ್-6 ಜೊತೆಗಿದ್ದರೆ ಪರಿಣಾಮ ಬಹಳ ಬಲವಾಗುತ್ತದೆ.

ಯಾವುದನ್ನೇ ಆರಿಸಿ, ಮೊದಲು ಮಾಧ್ಯಮದ ಬಾಟಲಿಯ ಮೇಲಿನ ಪಟ್ಟಿಯನ್ನು ಓದಿ. ಯಕೃತ್ತಿನ ಕೋಶಗಳ ಹಲವು ಸಿದ್ಧ ಮಾಧ್ಯಮಗಳಲ್ಲಿ ಡೆಕ್ಸಮೆಥಸೋನ್ ಆಗಲೇ ಬೆರೆತಿರುತ್ತದೆ, ಮಾಧ್ಯಮಕ್ಕೆ ಬೆರೆಸುವ ಸೀರಮ್‌ನಲ್ಲೂ (ರಕ್ತದ ತಿಳಿದ್ರವದಲ್ಲೂ) ಸ್ಟೆರಾಯ್ಡ್ ಇರುತ್ತದೆ. ಇದ್ದಿಲಿನಿಂದ ಶುದ್ಧಮಾಡಿದ ಸೀರಮ್ ಬಳಸಿ, ಸ್ಟೆರಾಯ್ಡ್ ಹಾಕಿದ ಇನ್ನೊಂದು ತಟ್ಟೆಗೆ ಸ್ಟೆರಾಯ್ಡ್ ಗ್ರಾಹಕವನ್ನು ತಡೆಯುವ ಮಿಫೆಪ್ರಿಸ್ಟೋನ್ ಕೂಡ ಹಾಕಿ ನೋಡಿ. ಅದರಲ್ಲೂ ಏರಿಕೆ ಕಂಡರೆ ಆ ಏರಿಕೆಯನ್ನು ಸ್ಟೆರಾಯ್ಡಿನ ಖಾತೆಗೆ ಬರೆಯುವಂತಿಲ್ಲ.