ಮಾವನ ಹಳೇ ಸ್ಯಾಂಟ್ರೋ: ದಾನ ಕೊಡೋದಾ, ಮಾರೋದಾ?

ಮಾರಿ. ದುಡ್ಡು ಕೈಗೆ ಬಂದ ಮೇಲೆ ಎಷ್ಟು ಮನಸ್ಸಿದೆಯೋ ಅಷ್ಟು ದಾನ ಮಾಡಿ. ಓದಲು ಪುರುಸೊತ್ತಿಲ್ಲದವರಿಗೆ ಇಷ್ಟು ಸಾಕು. ಪುರುಸೊತ್ತಿದ್ದರೆ ಮುಂದೆ ಓದಿ, ಯಾಕೆಂದರೆ ಹಳೇ ಕಾರು ಸಾಗಹಾಕಲು ಇರುವ ಬಾಗಿಲುಗಳನ್ನೆಲ್ಲ ನಾನು ತಟ್ಟಿ ಬಂದಿದ್ದೇನೆ: ಆನ್‌ಲೈನ್ ಕಂಪನಿ, ವೃದ್ಧಾಶ್ರಮ, ತರಬೇತಿ ಸಂಸ್ಥೆ, ಗುಜರಿ, ಸರ್ಕಾರದ ನೋಂದಣಿ ಇರುವ ಸ್ಕ್ರ್ಯಾಪ್ ಕೇಂದ್ರ, ಕೊನೆಗೆ ನಮ್ಮ ಮೆಕ್ಯಾನಿಕ್. ಹೆಸರು ಬರೆಯುವುದಿಲ್ಲ, ಸ್ಟಾರ್ ಮಾತ್ರ ಕೊಡುತ್ತೇನೆ.

ಕಾರು 2009ರ ಸ್ಯಾಂಟ್ರೋ ಜಿಂಗ್. ಮೈಸೂರಿನ ಕೆಎ-09 ನಂಬರ್. ಸಿಂಗಲ್ ಓನರ್, ಅಂದರೆ ನಮ್ಮ ಮಾವ. ಕಣ್ಣು ಮಂಜಾದ ಮೇಲೆ ಅವರು ಓಡಿಸುವುದು ಬಿಟ್ಟರು, ಕಾರು ಕುವೆಂಪುನಗರದ ಮನೆ ಮುಂದೆ ಕವರ್ ಹೊದ್ದುಕೊಂಡು ನಿಂತಿತು. 2024ರಲ್ಲಿ ಆರ್‌ಸಿಯ, ಅಂದರೆ ನೋಂದಣಿ ಪತ್ರದ, 15 ವರ್ಷ ಮುಗಿಯುತ್ತಾ ಬಂತು. ಆಗ ಶುರುವಾಯಿತು ನೋಡಿ ಚರ್ಚೆ. ಮಾವನಿಗೆ ಮಾರುವುದಕ್ಕೆ ಮನಸ್ಸಿಲ್ಲ, 'ಯಾರಿಗಾದರೂ ಉಪಯೋಗ ಆಗಲಿ, ಕೊಟ್ಟುಬಿಡೋಣಮ್ಮ' ಎಂದರು. ನ್ಯೂಜೆರ್ಸಿಯಲ್ಲಿರುವ ಮೈದುನ ಫೋನಿನಲ್ಲಿ ಅದಕ್ಕೆ ತಾಳ ಹಾಕಿದ. ಅಲ್ಲಿ ಅವನು ತನ್ನ ಹಳೇ ಕ್ಯಾಮ್ರಿಯನ್ನು ಹೀಗೇ ಕೊಟ್ಟಿದ್ದನಂತೆ. ಒಂದು ಫೋನ್ ಮಾಡಿದರೆ ಸಾಕು, ಅವರೇ ಗಾಡಿ ತಂದು ಎಳೆದುಕೊಂಡು ಹೋಗುತ್ತಾರೆ, ಮೇಲಿಂದ ತೆರಿಗೆ ವಿನಾಯಿತಿ ಬೇರೆ.

ಅಮೆರಿಕದ ಲೆಕ್ಕ ಅಮೆರಿಕಕ್ಕೆ. ಅಲ್ಲೂ ಅದು ಅಂದುಕೊಂಡಷ್ಟು ಸಲೀಸಲ್ಲ, ಕಾರು 500 ಡಾಲರ್‌ಗಿಂತ ಜಾಸ್ತಿಗೆ ಹರಾಜಾದರೆ ಸಾಮಾನ್ಯವಾಗಿ ಹರಾಜಿನಲ್ಲಿ ಬಂದಷ್ಟಕ್ಕೇ ವಿನಾಯಿತಿ, ನಿಮ್ಮ ಅಂದಾಜಿನ ಬೆಲೆಗಲ್ಲ. ನಮ್ಮಲ್ಲಂತೂ ಆದಾಯ ತೆರಿಗೆಯಲ್ಲಿ ವಸ್ತು ರೂಪದ ದಾನಕ್ಕೆ ವಿನಾಯಿತಿಯೇ ಇಲ್ಲ. ಅಕ್ಕಿ ಮೂಟೆ ಕೊಟ್ಟರೂ ಇಲ್ಲ, ಕಾರು ಕೊಟ್ಟರೂ ಇಲ್ಲ. ಹಣವನ್ನೇ ಕೊಡಬೇಕು, ಅದೂ 2,000 ರೂಪಾಯಿ ದಾಟಿದರೆ ನಗದು ನಡೆಯದು, ಚೆಕ್ಕೋ ಬ್ಯಾಂಕ್ ವರ್ಗಾವಣೆಯೋ ಆಗಬೇಕು. ಹೊಸ ತೆರಿಗೆ ಪದ್ಧತಿಗೆ ಹೋದವರಿಗೆ ಅದೂ ಸಿಗುವುದಿಲ್ಲ. ಇದು ಗೊತ್ತಾದ ಮೇಲೂ ಮಾವ 'ನಾನೇನು ತೆರಿಗೆಗೋಸ್ಕರ ಕೊಡ್ತಿದ್ದೀನಾ?' ಎಂದರು. ಸರಿ, ಮೊದಲು ವೃದ್ಧಾಶ್ರಮಕ್ಕೇ ಫೋನ್ ಮಾಡಿದೆ.

ವೃದ್ಧಾಶ್ರಮಕ್ಕೆ ಐದಕ್ಕೆ ಐದು ಸ್ಟಾರ್, ಕಾರು ಬೇಡ ಅಂದಿದ್ದಕ್ಕೇ. ಅಲ್ಲಿನ ಮೇಲ್ವಿಚಾರಕಿ ನೇರವಾಗಿ ಮಾತಾಡುವ ಹೆಂಗಸು. 'ಮೇಡಂ, ಕಾರು ನಿಲ್ಲಿಸೋಕೆ ಜಾಗ ಇದೆ. ಓಡಿಸೋಕೆ ಡ್ರೈವರ್ ಬೇಕು, ಸಂಬಳ ಬೇಕು, ಪೆಟ್ರೋಲ್ ಬೇಕು, ವರ್ಷಾ ವರ್ಷಾ ಇನ್ಶೂರೆನ್ಸ್ ಕಟ್ಟಬೇಕು. ನಡೆಯೋಕೆ ಆಗದವರನ್ನ ಆಸ್ಪತ್ರೆಗೆ ಕರ್ಕೊಂಡು ಹೋಗಬೇಕಾದರೆ ಸ್ಯಾಂಟ್ರೋದಲ್ಲಿ ಹೇಗೆ ಮಲಗಿಸಲಿ? ಮಾರಿಬಿಡಿ, ಮನಸ್ಸಿದ್ದರೆ ಆ ದುಡ್ಡಲ್ಲಿ ಸ್ವಲ್ಪ ಕೊಡಿ.' ಎಷ್ಟು ಸರಿಯಾದ ಮಾತು ಅಲ್ವಾ? ನಮಗೆ ಬೇಡವಾದದ್ದು ಅವರಿಗೆ ಬೇಕೇ ಬೇಕು ಎಂದು ನಾವೇ ತೀರ್ಮಾನ ಮಾಡಿಬಿಟ್ಟಿರುತ್ತೇವೆ.

ತರಬೇತಿ ಸಂಸ್ಥೆಯದು ಬೇರೆ ಕಥೆ. ಆಟೋಮೊಬೈಲ್ ಹುಡುಗರು ಬಿಚ್ಚಿ ಜೋಡಿಸಿ ಕಲಿಯಲಿ ಎಂಬುದು ಮಾವನ ಎರಡನೇ ಆಸೆ, ಒಳ್ಳೆಯ ಆಸೆಯೇ. ಹೋಗಿ ನೋಡಿದರೆ ಶೆಡ್ಡಿನಲ್ಲಿ ಆಗಲೇ ಒಂದು ಮಾರುತಿ 800, ಒಂದು ಇಂಡಿಕಾ ಧೂಳು ಹಿಡಿದು ಕುಳಿತಿವೆ. ಇಂಡಿಕಾದ ಸೀಟಿನ ಮೇಲೆ ಯಾರದೋ ಟಿಫನ್ ಬಾಕ್ಸ್. ಆದರೂ ತೆಗೆದುಕೊಳ್ಳಲು ತಯಾರು, ಪ್ರಮಾಣಪತ್ರ ಕೊಡುತ್ತಾರೆ, ಶಾಲು ಹೊದಿಸಿ ಫೋಟೋನೂ ತೆಗೆಸುತ್ತಾರೆ. 'ಆರ್‌ಸಿ ನಿಮ್ಮ ಸಂಸ್ಥೆ ಹೆಸರಿಗೆ ಮಾಡಿಸಿಕೊಳ್ಳುತ್ತೀರಾ, ಇಲ್ಲ ರದ್ದು ಮಾಡಿಸೋಣವಾ?' ಎಂದು ಕೇಳಿದೆ. 'ಅದೆಲ್ಲ ಯಾಕೆ ಮೇಡಂ, ರೋಡಿಗೆ ಇಳಿಯೋದೇ ಇಲ್ವಲ್ಲ' ಎಂದರು. ಅಲ್ಲಿಗೆ ನಾನು ಎದ್ದೆ. ಎರಡು ಸ್ಟಾರ್, ಅದೂ ಕಾಫಿಗೆ.

ಯಾಕೆ ಎದ್ದೆ ಅಂದರೆ, ನಮ್ಮಲ್ಲಿ ದಾನ ಕೊಡಿ, ಮಾರಿ, ಸುಮ್ನೆ ಕೊಟ್ಟುಬಿಡಿ, ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಹೊಣೆ. 2018ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಇಂಥದ್ದೇ ಪ್ರಕರಣ ಬಂದಿತ್ತು, ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ನಡುವೆ. ಕಾರು ಮಾರಾಟವಾಗಿ ಒಬ್ಬರಿಂದ ಒಬ್ಬರಿಗೆ ದಾಟಿತ್ತು, ಆರ್‌ಸಿ ಮಾತ್ರ ಬದಲಾಗಿರಲಿಲ್ಲ. ಆಮೇಲೆ ಅಪಘಾತ. ದಾಖಲೆಯಲ್ಲಿ ಹೆಸರಿರುವವರೇ ಮಾಲೀಕರು, ಪರಿಹಾರದ ಹೊಣೆ ಅವರದೇ ಎಂದು ಕೋರ್ಟ್ ಹೇಳಿತು. ಎಂಬತ್ತರ ಹತ್ತಿರ ಬಂದ ಮಾವನ ತಲೆ ಮೇಲೆ ಅಂಥದ್ದೊಂದು ನೇತು ಹಾಕುವ ಧೈರ್ಯ ನನಗಿಲ್ಲ. ರೋಡಿಗೆ ಇಳಿಯದ ಕಾರಾದರೂ ಅಷ್ಟೇ, ಶಾಶ್ವತವಾಗಿ ಓಡದಂತಾದರೆ 14 ದಿನದೊಳಗೆ ಆರ್‌ಟಿಒಗೆ ತಿಳಿಸಿ ಆರ್‌ಸಿ ವಾಪಸ್ ಕೊಡಬೇಕು ಎಂದು ಮೋಟಾರು ವಾಹನ ಕಾಯ್ದೆಯ 55ನೇ ಸೆಕ್ಷನ್ ಹೇಳುತ್ತದೆ. ಕಾಗದ ಮಾಡಿಸಿಕೊಳ್ಳುವ ಸಂಸ್ಥೆ ಸಿಕ್ಕರೆ ಖಂಡಿತ ಕೊಡಿ. ಶಾಲು ಮಾತ್ರ ಹೊದಿಸುವವರಿಗೆ ಬೇಡ.

ಇನ್ನು ಆನ್‌ಲೈನ್ ಕಂಪನಿ. ಆಪ್‌ನಲ್ಲಿ ವಿವರ ತುಂಬಿದರೆ 'ಒಂದು ಲಕ್ಷದ ಮೇಲೆ' ಎಂದು ಹಸಿರು ಅಕ್ಷರದಲ್ಲಿ ತೋರಿಸಿತು. ಮಾವ ಕೂಡ ಕನ್ನಡಕ ಹಾಕಿಕೊಂಡು ಬಂದು ನೋಡಿದರು. ಮನೆಗೆ ಬಂದ ಹುಡುಗ ಕೆಲಸಗಾರ, ಅದನ್ನು ಒಪ್ಪಲೇಬೇಕು. ಬಾಗಿಲಿನ ರಬ್ಬರ್ ಬೀಡಿಂಗ್ ಎಳೆದು ಒಳಗಿನ ವೆಲ್ಡಿಂಗ್ ಚುಕ್ಕಿಗಳನ್ನು ನೋಡಿದ, ಕಂಪನಿಯದ್ದಾ, ಡಿಕ್ಕಿ ಹೊಡೆದ ಮೇಲೆ ಗ್ಯಾರೇಜಿನಲ್ಲಿ ಮಾಡಿಸಿದ್ದಾ ಎಂದು ಅದರಲ್ಲಿ ಗೊತ್ತಾಗುತ್ತದಂತೆ. ಪೇಂಟಿನ ದಪ್ಪ ಅಳೆಯುವ ಪುಟ್ಟ ಮೀಟರ್ ಹಿಡಿದು ಬಾನೆಟ್ಟಿನಿಂದ ಹಿಂದಿನ ಬಾಗಿಲವರೆಗೆ ಒತ್ತುತ್ತಾ ಹೋದ. ಹಿಂದೆ ಮ್ಯಾಟ್ ಎತ್ತಿ ಸ್ಟೆಪ್ನಿ ಕೆಳಗೆ ತುಕ್ಕು ಇದೆಯಾ ನೋಡಿದ. ಎಂಜಿನ್ ಚಾಲೂ ಮಾಡಿ ಆಯಿಲ್ ಮುಚ್ಚಳ ತೆಗೆದು, ಹೊಗೆ ಬರುತ್ತಾ ಎಂದು ಅಂಗೈ ಅಡ್ಡ ಹಿಡಿದ. ಎಡಗಡೆ ಹಿಂದಿನ ಬಾಗಿಲಿಗೆ ಮೀಟರ್ ಇಡುತ್ತಲೇ ಮಾವನ ಮುಖ ನೋಡಿದ, 'ಸಾರ್, ಇದು ರೀಪೇಂಟ್ ಅಲ್ವಾ?' ಮಾವ ಗಂಟಲು ಸರಿ ಮಾಡಿಕೊಂಡು 'ಗೇಟಿಗೆ ತಾಗಿತ್ತು' ಎಂದರು. ಮನೆಯಲ್ಲಿ ಈ ವಿಷಯ ಅದುವರೆಗೆ ಯಾರಿಗೂ ಗೊತ್ತಿರಲಿಲ್ಲ.

ಆಮೇಲೆ ಬಿಡ್ಡಿಂಗ್ ಎಂದರು. ರೇಟು ಬಂದಿದ್ದು 68 ಸಾವಿರ. ಅದರಲ್ಲಿ ಸರ್ವಿಸ್ ಚಾರ್ಜ್, ಕಾಗದಪತ್ರದ ಖರ್ಚು ಎಂದು ಕಳೆದು 61 ಸಾವಿರ ಚಿಲ್ಲರೆ. 'ಇವತ್ತೇ ಹೂಂ ಅನ್ನಿ, ನಾಳೆ ಈ ರೇಟ್ ಇರಲ್ಲ' ಎಂದು ಸಂಜೆವರೆಗೂ ಬೇರೆ ಬೇರೆ ನಂಬರಿನಿಂದ ಫೋನು. ಬೇಡ ಅಂದ ಮೇಲೂ ವಾರಗಟ್ಟಲೆ ನಿಲ್ಲಲಿಲ್ಲ. ಪರೀಕ್ಷೆ ಮಾಡಿದ ಹುಡುಗನಿಗೆ ನಾಲ್ಕು ಸ್ಟಾರ್, ಕಂಪನಿಗೆ ಎರಡು. ತುರ್ತಾಗಿ ಊರು ಬಿಡುವವರಿಗೆ, ಓಡಾಡಲು ಯಾರೂ ಇಲ್ಲದವರಿಗೆ ಇದು ಪರವಾಗಿಲ್ಲ. ಒಂದು ಮಾತ್ರ ಕೇಳಿ: ಅವರು ಆರ್‌ಟಿಒದಿಂದ ಅಧಿಕೃತ ಡೀಲರ್ ಪತ್ರ ಪಡೆದಿದ್ದಾರಾ? 2023ರ ಏಪ್ರಿಲ್‌ನಿಂದ ಬಂದ ನಿಯಮದಂತೆ ಅಂಥ ಡೀಲರಿಗೆ ಫಾರಂ 29ಸಿಯಲ್ಲಿ ಕಾರು ಒಪ್ಪಿಸಿದರೆ, ಅಲ್ಲಿಂದ ಮುಂದಕ್ಕೆ ಕಾರಿನ ಹೊಣೆ ಅವರದು. ಇಲ್ಲದಿದ್ದರೆ ಅವರು ಬೇರೆಯವರಿಗೆ ಮಾರುವವರೆಗೂ ಹೆಸರು ನಿಮ್ಮದೇ.

ಗುಜರಿಯವನು ಗೇಟಿನ ಆಚೆ ನಿಂತೇ ರೇಟು ಹೇಳಿದ. ನಗದು ತಕ್ಷಣ, ಆರ್‌ಸಿ ಕೇಳಬೇಡಿ. ಸ್ಟಾರ್ ಇಲ್ಲ. ಸ್ಕ್ರ್ಯಾಪ್ ಕೇಂದ್ರದವರು ಫೋನಿನಲ್ಲೇ ಮರ್ಯಾದೆಯಿಂದ ವಿವರ ಕೊಟ್ಟರು: ತೂಕದ ಲೆಕ್ಕ, ಇಪ್ಪತ್ತು ಸಾವಿರದ ಆಸುಪಾಸು, ಅವರೇ ಬಂದು ಎಳೆದುಕೊಂಡು ಹೋಗುತ್ತಾರೆ, ಕಾರು ಒಪ್ಪಿಸಿದ್ದಕ್ಕೆ ಠೇವಣಿ ಪ್ರಮಾಣಪತ್ರ (ಸರ್ಟಿಫಿಕೇಟ್ ಆಫ್ ಡೆಪಾಸಿಟ್) ಕೊಡುತ್ತಾರೆ, ಆರ್‌ಸಿ ರದ್ದಾಗುತ್ತದೆ. ಆ ಪ್ರಮಾಣಪತ್ರ ಇದ್ದರೆ ಹೊಸ ಕಾರಿನ ತೆರಿಗೆಯಲ್ಲಿ ರಿಯಾಯಿತಿ ಉಂಟು. ಕೇಂದ್ರದ ನಿಯಮದಲ್ಲಿ ಖಾಸಗಿ ವಾಹನಕ್ಕೆ ಶೇ 25ರವರೆಗೆ ಅವಕಾಶವಿದೆ, ನಿಮ್ಮ ರಾಜ್ಯದಲ್ಲಿ ಎಷ್ಟು ಎಂದು ಕೊಳ್ಳುವ ಮುಂಚೆ ಕೇಳಿಕೊಳ್ಳಿ. ನಾವು ಹೊಸ ಕಾರು ತೆಗೆದುಕೊಳ್ಳುವವರಲ್ಲ, ಮೇಲಾಗಿ ಸ್ಯಾಂಟ್ರೋ ಚೆನ್ನಾಗಿ ಓಡುತ್ತಿತ್ತು. ಎಂಜಿನ್ ಕೆಟ್ಟು ದೊಡ್ಡ ರಿಪೇರಿಗೆ ಬಂದಿದ್ದರೆ ಕಣ್ಣು ಮುಚ್ಚಿಕೊಂಡು ಇಲ್ಲಿಗೇ ಕೊಡುತ್ತಿದ್ದೆ. ನಾಲ್ಕು ಸ್ಟಾರ್.

ಇಲ್ಲೊಂದು ವಿಷಯ. 15 ವರ್ಷ ಆದ ಕೂಡಲೇ ಕಾರು ಗುಜರಿಗೇ ಹೋಗಬೇಕು ಎಂದು ನಮ್ಮ ಬೀದಿಯಲ್ಲಿ ಅರ್ಧ ಜನ ನಂಬಿದ್ದಾರೆ. ಪೆಟ್ರೋಲ್ ಕಾರಿಗೆ 15, ಡೀಸೆಲ್‌ಗೆ 10 ವರ್ಷದ ಆ ತಕರಾರು ದೆಹಲಿ ಕಡೆಯದು. ನಮ್ಮಲ್ಲಿ ಎಫ್‌ಸಿ, ಅಂದರೆ ಕಾರು ಓಡಿಸಲು ಯೋಗ್ಯ ಎಂಬ ಪ್ರಮಾಣಪತ್ರ, ಮಾಡಿಸಿದರೆ ಇನ್ನೂ ಐದು ವರ್ಷ ಸಿಗುತ್ತದೆ. 2022ರ ಏಪ್ರಿಲ್‌ನಿಂದ ಹೀಗೆ ಆರ್‌ಸಿ ನವೀಕರಿಸುವ ಶುಲ್ಕ 600ರಿಂದ 5,000ಕ್ಕೆ ಏರಿದೆ, 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಕಾರಿಗೆ 10,000 ಮಾಡಿದ್ದಾರೆ. ತಡ ಮಾಡಿದರೆ ತಿಂಗಳಿಗೆ 500 ದಂಡ ಬೇರೆ.

ಕೊನೆಗೆ ಕೈ ಹಿಡಿದಿದ್ದು ಮಾವನ ಹಳೇ ಮೆಕ್ಯಾನಿಕ್. ಅವರು ಹೇಳಿದ್ದು ಇಷ್ಟೇ: 'ಅಕ್ಕಾ, ಎಫ್‌ಸಿ ಮಾಡಿಸಿ ಮಾರಿ. ಆರ್‌ಸಿ ಮುಗಿಯೋ ಕಾರನ್ನ ಯಾರೂ ಸರಿಯಾದ ರೇಟಿಗೆ ಕೇಳಲ್ಲ.' ಎಫ್‌ಸಿ, ಹಸಿರು ತೆರಿಗೆ, ಎಚ್‌ಎಸ್‌ಆರ್‌ಪಿ (ಹೈ ಸೆಕ್ಯುರಿಟಿ) ನಂಬರ್ ಪ್ಲೇಟು, ಬ್ಯಾಟರಿ, ಎಲ್ಲ ಸೇರಿ ಹನ್ನೊಂದು ಸಾವಿರ ಆಯಿತು. ಹೂಟಗಳ್ಳಿಯ ಒಬ್ಬ ಶಾಲಾ ಮೇಷ್ಟ್ರು, ಹೆಂಡತಿ ಕಾರು ಕಲಿಯಲಿ ಎಂದು, 82 ಸಾವಿರಕ್ಕೆ ತೆಗೆದುಕೊಂಡರು. ಲೆಕ್ಕ ಹಾಕಿದರೆ ಆನ್‌ಲೈನ್ ಕಂಪನಿಗಿಂತ ಹತ್ತು ಸಾವಿರ ಉಳಿಯಿತು, ಅದರಲ್ಲಿ ಮೆಕ್ಯಾನಿಕ್ಕಿಗೆ ಕೊಟ್ಟಿದ್ದು ಎರಡು ಸಾವಿರ. ಭಾರೀ ಲಾಭ ಅಂತೇನೂ ಅಲ್ಲ. ಆದರೆ ಕಾರು ಯಾರ ಮನೆಗೆ ಹೋಯಿತು ಎಂದು ಗೊತ್ತು, ಕಾಗದ ನಮ್ಮ ಕಣ್ಣ ಮುಂದೆ ಆಯಿತು. ಐದು ಸ್ಟಾರ್.

ಕಾಗದ ಅಂದರೆ ಫಾರಂ 29 (ಮಾಲೀಕತ್ವ ವರ್ಗಾವಣೆಯ ಸೂಚನೆ) ಎರಡು ಪ್ರತಿ, ಫಾರಂ 30 (ವರ್ಗಾವಣೆಯ ಅರ್ಜಿ), ಇನ್ಶೂರೆನ್ಸ್, ಎಮಿಷನ್ ಸರ್ಟಿಫಿಕೇಟ್, ಎರಡೂ ಕಡೆಯವರ ಆಧಾರ್. ಸಾಲದ ಕಾರಾದರೆ ಬ್ಯಾಂಕಿನ ಎನ್‌ಒಸಿ (ಅಭ್ಯಂತರವಿಲ್ಲ ಎಂಬ ಪತ್ರ) ಮತ್ತು ಸಾಲ ತೀರಿದೆ ಎಂದು ತೋರಿಸುವ ಫಾರಂ 35. ದಾನ ಕೊಟ್ಟರೂ ಇದೇ ಕಾಗದ, ಒಂದೂ ಕಮ್ಮಿಯಿಲ್ಲ. ಕೀ ಕೊಡುವ ದಿನವೇ ತಾರೀಕು, ಗಂಟೆ ಬರೆದು ಡೆಲಿವರಿ ನೋಟ್‌ಗೆ ಸಹಿ ಹಾಕಿಸಿಕೊಳ್ಳಿ, ಆ ಗಂಟೆಯ ನಂತರದ ಸಿಗ್ನಲ್ ಜಂಪ್ ನಿಮ್ಮದಲ್ಲ ಎಂದು ತೋರಿಸಲು ಬೇಕಾಗುತ್ತದೆ. ಫಾಸ್ಟ್ಯಾಗ್ ಕಿತ್ತು, ಬ್ಯಾಂಕಿಗೆ ಹೇಳಿ ಮುಚ್ಚಿಸಿ. ಕ್ಲೇಮ್ ಮಾಡದೆ ಬಂದ ನೋ ಕ್ಲೇಮ್ ಬೋನಸ್ ಕಾರಿನದಲ್ಲ, ನಿಮ್ಮದು. ವಿಮಾ ಕಂಪನಿಯಿಂದ ಪತ್ರ ತೆಗೆದುಕೊಂಡರೆ ಮೂರು ವರ್ಷದೊಳಗೆ ನೀವು ಕೊಳ್ಳುವ ಇನ್ನೊಂದು ಕಾರಿಗೆ ನಡೆಯುತ್ತದೆ. ವರ್ಗಾವಣೆ ಅರ್ಜಿಯ ಒಟಿಪಿ ಬರುವುದು ಮಾಲೀಕರ ಮೊಬೈಲಿಗೆ, ಆದ್ದರಿಂದ ಹಿರಿಯರ ಹೆಸರಿನ ಕಾರಾದರೆ ಅವರು ಮಧ್ಯಾಹ್ನ ಮಲಗುವ ಹೊತ್ತು ಬಿಟ್ಟು ಅರ್ಜಿ ಹಾಕಿ. ನಗುತ್ತೀರಿ, ಆದರೆ ನಮ್ಮ ಅರ್ಜಿ ಟೈಮ್ ಔಟ್ ಆಗಿದ್ದೆಲ್ಲ ಅದೇ ಹೊತ್ತಿನಲ್ಲಿ.

ಮಾವ ಬಂದ ಹಣದಲ್ಲಿ 40 ಸಾವಿರ ಅದೇ ವೃದ್ಧಾಶ್ರಮಕ್ಕೆ ಬ್ಯಾಂಕ್ ಮೂಲಕ ಹಾಕಿದರು. ಅವರು ಇನ್ನೂ ಹಳೇ ತೆರಿಗೆ ಪದ್ಧತಿಯಲ್ಲೇ ಇದ್ದಾರೆ, ಹಾಗಾಗಿ ದಾನಕ್ಕೆ ಆಶ್ರಮದವರ 10ಬಿಇ ಪ್ರಮಾಣಪತ್ರ ಬಂದು, ಕೊಟ್ಟದ್ದರಲ್ಲಿ ಅರ್ಧಕ್ಕೆ ವಿನಾಯಿತಿಯೂ ಸಿಕ್ಕಿತು. ತೆರಿಗೆಗೋಸ್ಕರ ಅಲ್ಲ ಎಂದವರು ಆ ಕಾಗದವನ್ನು ಲ್ಯಾಮಿನೇಷನ್ ಮಾಡಿಸಿ ಇಟ್ಟುಕೊಂಡಿದ್ದಾರೆ.

ಕಾಗದದ ಕೆಲಸಕ್ಕೆ ಹಿಡಿದ ಆರ್‌ಟಿಒ ಏಜೆಂಟನ ಬಗ್ಗೆ ಕೇಳುವವರಿದ್ದೀರಿ, ಗೊತ್ತು. ಹೇಳಿದ ದುಡ್ಡಿಗಿಂತ ಒಂದು ರೂಪಾಯಿ ಜಾಸ್ತಿ ಕೇಳಲಿಲ್ಲ, ಹೊಸ ಆರ್‌ಸಿ ಕಾರ್ಡು ಮೇಷ್ಟ್ರ ಮನೆ ಮುಟ್ಟಿತು, ಸರ್ಕಾರದ ಎಂಪರಿವಾಹನ್ ಆಪ್‌ನಲ್ಲೂ ಮಾಲೀಕರು ಬದಲಾದರು. ಮೂರು ಸ್ಟಾರ್. ಎರಡು ಕಟ್, ಫೋನ್ ಎತ್ತುವುದಿಲ್ಲ ಮಾರಾಯ.