ಕೀಹೋಲ್ ಆಪರೇಷನ್ ಆದಮೇಲೆ ನೋವು ಏರುತ್ತಿದ್ದರೆ ಅದು ಬರೀ ಗ್ಯಾಸ್ ಅಲ್ಲ

ಅಕ್ಕನಿಗೆ ಪಿತ್ತಕೋಶದಲ್ಲಿ ಕಲ್ಲು. ಲ್ಯಾಪರೊಸ್ಕೋಪಿ, ಅಂದರೆ ಪುಟ್ಟ ತೂತುಗಳ ಮೂಲಕ ಮಾಡುವ ಕೀಹೋಲ್ ಆಪರೇಷನ್ ಮಾಡಿ ಪಿತ್ತಕೋಶ ತೆಗೆದು ಮರುದಿನವೇ ಮನೆಗೆ ಕಳಿಸಿದರು. ಹೊಟ್ಟೆಯ ಮೇಲೆ ನಾಲ್ಕು ಪುಟ್ಟ ಪ್ಲಾಸ್ಟರ್, ಅಷ್ಟೇ. ನೋಡಲು ಬಂದವರೆಲ್ಲ "ಇದೂ ಒಂದು ಆಪರೇಷನ್ನಾ" ಅಂದರು.

ಆಮೇಲೆ ನೋವು ಏರತೊಡಗಿತು. ಆಸ್ಪತ್ರೆಗೆ ಫೋನ್ ಮಾಡಿದರೆ, "ಗ್ಯಾಸ್ ತುಂಬಿರ್ತೀವಲ್ಲಾ, ಅದೇ. ಸ್ವಲ್ಪ ಓಡಾಡಿಸಿ, ಹೋಗುತ್ತೆ" ಎಂಬ ಉತ್ತರ. ಮತ್ತೆ ಮಾಡಿದರೂ ಅದೇ. ಅಷ್ಟರಲ್ಲಿ ಜ್ವರ, ವಾಂತಿ ಶುರು. ಹೊಟ್ಟೆ ಹಲಗೆಯಂತೆ ಬಿಗಿದು, ಹೊದಿಕೆ ತಾಕಿದರೂ ಅಕ್ಕ ಚೀರುತ್ತಿದ್ದಳು. ಬೇರೆ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿಸಿದಾಗ ಗೊತ್ತಾಯಿತು, ಕ್ಲಿಪ್ ಹಾಕಿ ಮುಚ್ಚಿದ್ದ ಪಿತ್ತಕೋಶದ ನಾಳದ ತುದಿಯಿಂದ ಪಿತ್ತರಸ ಸೋರಿ ಹೊಟ್ಟೆಯೊಳಗೆ ನಿಂತಿತ್ತು. ಟ್ಯೂಬ್ ಹಾಕಿ ಅದನ್ನು ಹೊರಗೆ ತೆಗೆದರು. ಬಾಯಿಂದ ಎಂಡೋಸ್ಕೋಪ್ ಎಂಬ ಕ್ಯಾಮೆರಾ ಕೊಳವೆ ಇಳಿಸಿ, ಪಿತ್ತರಸ ಸೋರದೆ ಕರುಳಿಗೆ ಹರಿಯಲೆಂದು ಪಿತ್ತನಾಳಕ್ಕೆ ಸ್ಟೆಂಟ್ ಎಂಬ ಪುಟ್ಟ ಕೊಳವೆ ಕೂರಿಸಿದರು.

ಸೋರಿದ್ದಕ್ಕಲ್ಲ ನನ್ನ ಸಿಟ್ಟು. ಪಳಗಿದ ಸರ್ಜನ್ ಕೈಯಲ್ಲೂ ಅಪರೂಪಕ್ಕೆ ಹಾಗಾಗುತ್ತದೆ. ರೋಗಿಯನ್ನು ಕಣ್ಣೆತ್ತಿಯೂ ನೋಡದೆ ಫೋನಲ್ಲೇ ಗ್ಯಾಸ್ ಎಂದು ತೀರ್ಮಾನಿಸಿದರಲ್ಲ, ಅದಕ್ಕೆ.

ಗ್ಯಾಸ್ ಮಾತು ಪೂರಾ ಸುಳ್ಳೂ ಅಲ್ಲ. ಒಳಗೆ ಕೆಲಸ ಮಾಡಲು ಜಾಗ ಬೇಕೆಂದು ಹೊಟ್ಟೆಗೆ ಕಾರ್ಬನ್ ಡೈಆಕ್ಸೈಡ್ ತುಂಬುತ್ತಾರೆ, ಸಾಮಾನ್ಯವಾಗಿ 12ರಿಂದ 15 ಮಿ.ಮೀ. ಪಾದರಸದ ಒತ್ತಡದಲ್ಲಿ. ಅದರಿಂದ ಎದೆಗೂ ಹೊಟ್ಟೆಗೂ ನಡುವೆ ಇರುವ ಸ್ನಾಯುವಿನ ಪರದೆಯಾದ ವಪೆಗೆ ಕಿರಿಕಿರಿಯಾಗಿ ಭುಜ ನೋಯುತ್ತದೆ. ಹೊಟ್ಟೆ ಕೊಯ್ದರೆ ಭುಜ ಯಾಕೆ ನೋಯಬೇಕು ಅಂತ ಗಾಬರಿ ಬೇಡ, ವಪೆಯ ನರ ಹೊರಡುವುದೇ ಕುತ್ತಿಗೆಯಿಂದ, ಭುಜದ ನರಗಳೂ ಅಲ್ಲಿಂದಲೇ. ಆದರೆ ಈ ನೋವು ದಿನೇ ದಿನೇ ಇಳಿಯಬೇಕು. ಇಳಿಯುವ ಬದಲು ಏರಿದರೆ, ಜ್ವರ ಬಂದರೆ, ವಾಂತಿ ನಿಲ್ಲದಿದ್ದರೆ, ಹೊಟ್ಟೆ ಉಬ್ಬುತ್ತಲೇ ಹೋದರೆ, ಕಣ್ಣು ಹಳದಿಯಾದರೆ ಫೋನ್ ಬಿಟ್ಟು ನೇರ ಎಮರ್ಜೆನ್ಸಿಗೆ ಹೋಗಿ. ಕರುಳಿಗೆ ಬಿಸಿ ಉಪಕರಣ ತಾಗಿ ಆದ ಗಾಯವಂತೂ ಕೆಲವು ದಿನ ಕಳೆದ ಮೇಲೆಯೇ ತಲೆ ಎತ್ತಬಹುದು. ಹೊರಗಿನ ಗಾಯ ಚಿಕ್ಕದಾದರೆ ಒಳಗಿನ ಕೆಲಸವೂ ಚಿಕ್ಕದು ಅಂತೇನಿಲ್ಲ.

ಆಪರೇಷನ್‌ಗೆ ಒಪ್ಪಿ ಸಹಿ ಹಾಕುವ ಮುಂಚೆ, ನಡುವೆ ತೊಡಕಾದರೆ ಹೊಟ್ಟೆ ತೆರೆದು ಮಾಡುತ್ತೀರಾ ಎಂದು ಕೇಳಿ. ಹಾಗೆ ಬದಲಿಸುವುದು ಸೋಲಲ್ಲ, ಬಹಳ ಸಲ ಅದೇ ಸುರಕ್ಷಿತ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುತ್ತಿದ್ದರೆ ಮೊದಲೇ ಹೇಳಿ, ನೀವಾಗಿಯೇ ನಿಲ್ಲಿಸಬೇಡಿ. ಹೊರಡುವಾಗ ರಾತ್ರಿ ಯಾರಿಗೆ ಫೋನ್ ಮಾಡಬೇಕು ಅಂತ ಬರೆಸಿಕೊಳ್ಳಿ. ಒಳಗೆ ಏನೇನು ಮಾಡಿದರು ಎಂದು ಸರ್ಜನ್ ಬರೆದಿಡುವ ಆಪರೇಷನ್ ನೋಟ್ಸ್ ಪ್ರತಿಯನ್ನೂ ಕೇಳಿ ಪಡೆಯಿರಿ. ಎರಡನೇ ಆಸ್ಪತ್ರೆಯವರು ಮೊದಲು ಕೇಳಿದ್ದೇ ಅದನ್ನು. ನಮಗೆ ಕೊಟ್ಟಿದ್ದ ಫೈಲಿನಲ್ಲಿ ಇದ್ದದ್ದು ಬಿಲ್ಲು, ಮಾತ್ರೆ ಚೀಟಿ ಅಷ್ಟೇ.